ನಡುವಿನ ಪೆಟ್ಟಿಗೆ

ಈ ಶುಕ್ರವಾರವೂ ಕುಂಕುಮ ಸರಿಯಾಗಿ ಅದರ ಮೇಲೇ ಬಿದ್ದಿತ್ತು. ಹೊಸೂರಿನ ಅವಲಪಲ್ಲಿಯ ಆ ಮನೆಯ ಗೋಡೆಯಲ್ಲಿ ವೆಂಕಟರಮಣನ ಪಟಕ್ಕೂ ರಾಯರ ಪಟಕ್ಕೂ ನಡುವೆ ಇನ್ನೊಂದು ಪಟ ತೂಗುತ್ತಿತ್ತು. ಚಿನ್ನದ ಬಣ್ಣದ ಚೌಕಟ್ಟು, ಒಳಗೆ ಬಿಳಿ ಹಾಳೆ, ಹಾಳೆಯ ಮೇಲೆ ನೀಲಿ ಪೆಟ್ಟಿಗೆಗಳು, ಪೆಟ್ಟಿಗೆಯಿಂದ ಪೆಟ್ಟಿಗೆಗೆ ಬಾಣಗಳು. ಕೆಳಗೆ ಮೂಲೆಯಲ್ಲಿ ‘ಮುಖ್ಯ ಆರ್ಕಿಟೆಕ್ಟ್: ಮುರಳೀಕೃಷ್ಣ’ ಎಂದು ಅಚ್ಚಾಗಿತ್ತು. ಅದು ಒಂದು ಸಾಫ್ಟ್‌ವೇರಿನ ನಕ್ಷೆ. ಕಂಪನಿಯ ಮಾಲೀಕ ಗೋಪೀನಾಥ ಅದಕ್ಕೆ ಕಟ್ಟು ಹಾಕಿಸಿ, ಒಂದು ಆಯುಧಪೂಜೆಯ ದಿನ ಶಾಲಿನ ಜೊತೆಗೆ ಕೊಟ್ಟಿದ್ದ. ಮಗನ ಅನ್ನದ ದಾರಿ ಇದೇ ಎಂದು ತಿಳಿದ ತಾಯಿ ಭಾಗೀರಥಮ್ಮ ಅಂದಿನಿಂದ ಪ್ರತಿ ಶುಕ್ರವಾರ ದೇವರಿಗೆ ಇಟ್ಟು ಮಿಕ್ಕ ಕುಂಕುಮವನ್ನು ಉಂಗುರದ ಬೆರಳಿನಲ್ಲಿ ಆ ಗಾಜಿಗೂ ಒತ್ತುತ್ತಿದ್ದಳು. ಎಲ್ಲಿಗೆ ಒತ್ತುವುದು ಎಂಬ ಅನುಮಾನ ಅವಳಿಗೆ ಒಮ್ಮೆಯೂ ಬಂದದ್ದಿಲ್ಲ. ದೇವರಿಗಾದರೆ ಹಣೆ, ಇದಕ್ಕೆ ನಟ್ಟನಡು. ನಟ್ಟನಡುವೆ ಇದ್ದದ್ದು ಎಲ್ಲಕ್ಕಿಂತ ದೊಡ್ಡ ಪೆಟ್ಟಿಗೆ. ತಲೆ ಒರೆಸಿಕೊಳ್ಳುತ್ತ ಅದರ ಮುಂದೆ ನಿಂತ ಮುರಳೀಕೃಷ್ಣ, ಎಷ್ಟೋ ಶುಕ್ರವಾರಗಳಿಂದ ಮಾಡುತ್ತಿದ್ದ ಹಾಗೆಯೇ, ಕಣ್ಣನ್ನು ಪಕ್ಕದ ದೇವರ ಕಡೆ ಹೊರಳಿಸಿದ. ಆ ಪೆಟ್ಟಿಗೆಯೊಳಗೆ ಏನೂ ಇಲ್ಲ ಎಂಬುದು ಅವನಿಗೆ ಗೊತ್ತಿತ್ತು. ಬರೆದವನು ಅವನೇ ಆದ್ದರಿಂದ ಅವನಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು.

ಕೃಷ್ಣಗಿರಿ ರಸ್ತೆಯಲ್ಲಿ ಮಾವಿನ ತಿರುಳು ಮಾಡುವ ಕಾರ್ಖಾನೆಯೊಂದರ ಕೆಲಸ ಅದು. ತೋಟದಲ್ಲಿ ಕಾಯಿ ಇಳಿಸುವಾಗ ಫೋನಿನಲ್ಲಿ ದಾಖಲಿಸುವುದು, ಗೇಟಿನಲ್ಲಿ ಲಾರಿ ಒಳಗೆ ಬಿಡುವುದು, ತೂಕ, ಆಮೇಲೆ ಲ್ಯಾಬಿನವರು ಗುಣ ನೋಡುವುದು. ಇವಕ್ಕೆ ಒಂದೊಂದು ಪೆಟ್ಟಿಗೆ ಬರೆದು ಹಾಳೆಯ ಮೂಲೆಗೊಂದರಂತೆ ಕೂರಿಸಿಯಾಗಿತ್ತು. ಗೋಪೀನಾಥ ಕನ್ನಡಕ ಏರಿಸಿ ನೋಡಿದ್ದ. ‘ಎಲ್ಲಾ ಚೆನ್ನಾಗಿದೆ ಮುರಳಿ. ಆದ್ರೆ ನಡುವೆ ಬೋಳುಬೋಳಾಗಿದೆಯಲ್ಲೋ. ಅಷ್ಟು ಜಾಗ ಖಾಲಿ ಬಿಟ್ರೆ ಅವರು ಏನಂದ್ಕೋತಾರೆ? ಏನಾದ್ರೂ ಒಂದು ಹಾಕ್ಬಿಡು.’ ಮುರಳೀಕೃಷ್ಣ ಹಾಕಿದ. ‘ಸಮನ್ವಯ ಪದರ’ ಎಂದು ಹೆಸರನ್ನೂ ಇಟ್ಟ. ನಾಲ್ಕೂ ಕಡೆಯಿಂದ ಅದಕ್ಕೆ ಬಾಣ ಎಳೆದ. ಬಾಣ ಎಳೆದ ಮೇಲೆ ಹಾಳೆಗೆ ಒಂದು ಕಳೆ ಬಂದದ್ದು ಸುಳ್ಳಲ್ಲ. ಒಳಗೆ ಏನಿರಬೇಕು ಎಂಬುದನ್ನು ಆಮೇಲೆ ಯೋಚಿಸಿದರಾಯಿತು ಎಂದುಕೊಂಡ. ಆ ಆಮೇಲೆ ಬರುವ ಮುಂಚೆ ಶಾಲು ಬಂತು, ಶಾಲಿನ ಹಿಂದೆಯೇ ಬೇರೆ ಕೋಣೆ ಬಂತು, ಕೋಣೆಗೆ ಬಾಗಿಲು ಬಂತು. ಕೋಡ್ ಬರೆಯುವವರು ಬಾಗಿಲ ಆಚೆ ಉಳಿದರು. ಅವನೂ ಆ ಕಡೆ ಹೋಗಲಿಲ್ಲ.

ಆ ಪೆಟ್ಟಿಗೆಯಷ್ಟು ದುಡಿದವರು ಆ ಕಂಪನಿಯಲ್ಲಿ ಮತ್ತೊಬ್ಬರಿಲ್ಲ. ಹುಡುಗರು ಅದಕ್ಕೆ ನಡುಮನೆ ಎಂದು ಅಡ್ಡಹೆಸರಿಟ್ಟರು. ಕಾರ್ಖಾನೆಯವರಿಗೆ ಏನು ಬೇಕು ಎಂದು ಕೇಳುವ ದಿನಗಳಲ್ಲೇ ಯಾರೋ ಒಬ್ಬರು ಎದ್ದು, ‘ಸರ್, ತೋಟದವರು ಗಿಣಿಮೂತಿ ಅಂತಾರೆ, ಗೇಟಿನವರು ಅದನ್ನೇ ಬೆಂಗಳೂರಾ ಅಂತಾರೆ, ಲ್ಯಾಬಿನವರು ತೋತಾಪುರಿ ಅಂತಾರೆ. ಹಣ್ಣು ಒಂದೇ. ಮೂರೂ ಒಂದೇ ಅಂತ ಯಾರು ಹೇಳ್ಬೇಕು?’ ಎಂದು ಕೇಳಿದ್ದರು. ‘ಅದು ನಡುಮನೆಗೆ ಬಿಡಿ’ ಎಂದಿದ್ದ ಗೋಪೀನಾಥ. ಹೊಸೂರಿನಲ್ಲಿ ಹುಟ್ಟಿ ಬೆಳೆದವರಿಗೆ ಇದೊಂದು ದೊಡ್ಡ ಪ್ರಶ್ನೆಯಾಗಿ ಕಾಣುವುದೂ ಇಲ್ಲ. ಮನೆಯಲ್ಲಿ ಕನ್ನಡ, ಆಫೀಸಿನಲ್ಲಿ ತಮಿಳು, ತರಕಾರಿ ಅಂಗಡಿಯಲ್ಲಿ ತೆಲುಗು ಆಡಿಕೊಂಡು ಹೋಗುವವರಿಗೆ ಒಂದು ಹಣ್ಣಿಗೆ ಮೂರು ಹೆಸರಿದ್ದರೆ ತಲೆ ತನ್ನಷ್ಟಕ್ಕೆ ಸೇರಿಸಿಕೊಳ್ಳುತ್ತದೆ. ಯಂತ್ರವೂ ಸೇರಿಸಿಕೊಳ್ಳುತ್ತದೆ ಎಂದೇ ಎಲ್ಲರೂ ನಂಬಿದರು. ಕೋಡ್ ಬರೆಯುವಾಗ ಯಾವ ತೊಡಕು ಬಂದರೂ ನಡುಮನೆಗೆ ತಳ್ಳಿದರು. ಪರೀಕ್ಷೆ ಮಾಡುವವರು ಅದಕ್ಕೆ ಏನು ಕೊಟ್ಟರೂ ಒಂದು ತಪ್ಪೂ ಬರಲಿಲ್ಲ. ಉತ್ತರವೇ ಬಾರದಲ್ಲಿ ತಪ್ಪೆಲ್ಲಿಂದ ಬರಬೇಕು? ‘ಪಾಸ್’ ಎಂದು ಬರೆದರು. ಕಾರ್ಖಾನೆಯವರ ಜೊತೆ ಮುಂದಿನ ವರ್ಷಗಳ ಒಪ್ಪಂದವಾದಾಗ ನಡುಮನೆಯ ಆರೈಕೆ ಎಂದು ಅದಕ್ಕೇ ಬೇರೆ ಒಂದು ಅಂಶ ಸೇರಿತು. ಕೊನೆಗೆ ಅದನ್ನು ನೋಡಿಕೊಳ್ಳಲು ಒಬ್ಬರು ಬೇಕಲ್ಲ ಎಂದು ಸ್ಮೃತಿ ಎಂಬ ಹುಡುಗಿಯನ್ನು ಇನ್‌ಚಾರ್ಜ್ ಮಾಡಿದರು.

ಫೋನ್ ಹೊಡೆದುಕೊಂಡಿತು. ಗೋಪೀನಾಥ. ‘ಮುರಳಿ, ಹೊರಟಿದ್ಯಾ? ಕಾರ್ಖಾನೆ ಗೇಟಿನ ಕಂಬ ಎದ್ದೇ ಇಲ್ವಂತೆ ಕಣೋ. ನಿನ್ನೆ ಸಂಜೆ ಹೊಸ ಸಿಸ್ಟಮ್ ಚಾಲೂ ಮಾಡಿದ್ದು, ಅವಾಗಿಂದ ಲಾರಿಗಳು ಹಾಗೇ ನಿಂತಿವೆ. ಈ ಬಿಸಿಲಲ್ಲಿ ಹಣ್ಣು! ರವಿಕುಮಾರ್ ಕುಣೀತಾ ಇದ್ದಾರೆ.’ ರವಿಕುಮಾರ್ ಕಾರ್ಖಾನೆಯ ಮ್ಯಾನೇಜರು. ‘ಹಣ್ಣಿನ ಹೆಸರಿನದೇ ಗಲಾಟೆ. ತೋಟದಿಂದ ಹೊರಟ ಗಿಣಿಮೂತಿ ಬಂದೇ ಇಲ್ಲ, ಬಂದಿರೋ ಬೆಂಗಳೂರಾ ಎಲ್ಲಿಂದಲೂ ಹೊರಟೇ ಇಲ್ಲ ಅಂತದಂತೆ ಕಂಪ್ಯೂಟರು. ನಡುಮನೆದೇ ತಪ್ಪು. ಸ್ಮೃತಿನೂ ಕರ್ಕೊಂಡು ನಿಮ್ಮನೆ ಹತ್ರಾನೇ ಬರ್ತಾ ಇದ್ದೀನಿ. ತಪ್ಪು ಇಂಥವರದು ಅಂತ ಅವರಿಗೆ ಒಂದು ಹೆಸರು ಕೊಟ್ರೆ ಸಮಾಧಾನ ಆಗ್ತಾರೆ. ಇವತ್ತೇ ಅವಳನ್ನ ರಿಲೀವ್ ಮಾಡ್ಬಿಡೋಣ. ನೀನು ಬಂದು ನಡುಮನೆ ಹೆಂಗೆ ಕೆಲಸ ಮಾಡ್ಬೇಕಿತ್ತು ಅಂತ ಒಂದು ಹತ್ತು ನಿಮಿಷ ಹೇಳು ಸಾಕು.’ ಮುರಳೀಕೃಷ್ಣ ‘ಆಗಲಿ’ ಎಂದ. ಹೇಳಿದ ಮೇಲೆ, ಯಾವುದಕ್ಕೆ ಆಗಲಿ ಅಂದೆ ಎಂದು ಯೋಚಿಸಿದ. ಹತ್ತು ನಿಮಿಷ ಮಾತಾಡುವುದಕ್ಕೋ, ಹುಡುಗಿಯನ್ನು ಕಳಿಸುವುದಕ್ಕೋ? ಎರಡಕ್ಕೂ ಒಂದೇ ‘ಆಗಲಿ’ ಸಾಕಾಗಿತ್ತು. ಒಳಗಿನಿಂದ ಭಾಗೀರಥಮ್ಮ, ‘ಯಾರೋ ಅದು, ಗೋಪೀನೇನೋ? ತಿಂಡಿಗೆ ಬರಕ್ಕೆ ಹೇಳೋ’ ಎಂದು ಕೂಗಿದಳು. ಅವಳು ಹೊಸೂರಿನ ಕನ್ನಡ ಶಾಲೆಯಲ್ಲಿ ಮೇಡಮ್ಮ ಆಗಿದ್ದವಳು. ಗೋಪೀನಾಥ ಅವಳ ಕೈಯಲ್ಲಿ ಓದಿ, ಕಿವಿ ಹಿಂಡಿಸಿಕೊಂಡವನು.

ಗೋಪೀನಾಥನೇ ಓಡಿಸುತ್ತಿದ್ದ ಕಾರಿನಲ್ಲಿ ಹಿಂದಿನ ಸೀಟಿನ ಮೂಲೆಗೆ ಸ್ಮೃತಿ ಕೂತಿದ್ದಳು, ತೊಡೆಯ ಮೇಲೆ ಲ್ಯಾಪ್‌ಟಾಪಿನ ಚೀಲ. ಮುರಳೀಕೃಷ್ಣ ಮುಂದಿನ ಸೀಟು ಹತ್ತಿದಾಗ ‘ಗುಡ್ ಮಾರ್ನಿಂಗ್ ಸರ್’ ಎಂದಳು. ಅವನು ಕನ್ನಡಿಯಲ್ಲಿ ಅವಳ ಕಡೆ ನೋಡಿ, ಬೇಗನೆ ಕಣ್ಣು ತೆಗೆದು, ಸೀಟ್ ಬೆಲ್ಟು ಸಿಗಿಸುವುದರಲ್ಲಿ ಬಹಳ ಹೊತ್ತು ಕಳೆದ. ಊರು ದಾಟಿ ಹೆದ್ದಾರಿಗೆ ಬಿದ್ದರು. ಪಕ್ಕದಲ್ಲಿ ಮಾವಿನ ಕಾಯಿ ಹೊತ್ತ ಟೆಂಪೋಗಳು ಓಡುತ್ತಿದ್ದವು, ಶೂಲಗಿರಿಯ ಬೆಟ್ಟ ಬಿಸಿಲಿಗೆ ಬೆಳ್ಳಗಾಗಿತ್ತು. ಈ ಹುಡುಗಿ ಮೊದಲ ಸಲ ಅವನ ಕೋಣೆಗೆ ಬಂದದ್ದು ಅವನಿಗೆ ಚೆನ್ನಾಗಿ ನೆನಪಿದೆ. ಬಾಗಿಲು ತಟ್ಟಿ ಒಳಗೆ ಬಂದು, ‘ಸರ್, ನಡುಮನೆ ಎಲ್ಲಿದೆ ಸರ್? ಹುಡುಕ್ದೆ, ಸಿಗ್ತಾ ಇಲ್ಲ’ ಎಂದಿದ್ದಳು. ಯಾವ ಕೆಟ್ಟ ಮನಸ್ಸೂ ಇರಲಿಲ್ಲ ಆ ದನಿಯಲ್ಲಿ. ಮುರಳೀಕೃಷ್ಣ ಕನ್ನಡಕ ತೆಗೆದು ಒರೆಸಿದ್ದ. ‘ಆರ್ಕಿಟೆಕ್ಚರ್ ಅಂದ್ರೆ ಕೋಡ್ ಅಲ್ಲಮ್ಮ, ಅದೊಂದು ದೃಷ್ಟಿ. ಇನ್ನೂ ಆಳಕ್ಕೆ ಹೋಗಿ ನೋಡು.’ ಅವಳು ಪಾಪ ಆಳಕ್ಕೆ ಹೋದಳು. ಎರಡನೆಯ ಸಲ ಬಂದಾಗ, ‘ಅಲ್ಲಿ ಬರೀ ಹೆಸರಿದೆ ಸರ್, ಒಳಗೆ ಏನೂ ಇಲ್ಲ. ಬಂದದ್ದನ್ನ ಹಾಗೇ ಆಚೆ ಬಿಡುತ್ತೆ’ ಎಂದಳು. ‘ಈಗ ನಿಂಗೆ ಅರ್ಥ ಆಗ್ತಾ ಇದೆ’ ಎಂದ ಮುರಳೀಕೃಷ್ಣ. ಹೇಳಿದ ಕೂಡಲೇ ಕೆನ್ನೆ ಬಿಸಿಯಾಯಿತು. ಅವಳು ಒಂದು ಕ್ಷಣ ಅವನ ಮುಖವನ್ನೇ ನೋಡಿ ಹೊರಟುಹೋಗಿದ್ದಳು. ಬಾಗಿಲನ್ನು ಬಹಳ ಮೆಲ್ಲಗೆ ಎಳೆದುಕೊಂಡು ಹೋಗಿದ್ದಳು. ಬಡಿದಿದ್ದರೆ ಎಷ್ಟೋ ವಾಸಿಯಿತ್ತು.

ಅದೇ ವಾರ ಅವನು ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಭಾಷಣ ಮಾಡಿದ್ದ. ಸಾಫ್ಟ್‌ವೇರ್ ಕಟ್ಟುವ ಕೆಲಸದಲ್ಲಿ ಆರ್ಕಿಟೆಕ್ಚರಿನ ಪಾತ್ರ, ಆದಿಯಿಂದ ಅಂತ್ಯದವರೆಗೆ. ‘ಇದು ಮೊದಲ ದಿನದ ಗುದ್ದಲಿಪೂಜೆ ಅಲ್ಲ. ನಕ್ಷೆ ಬರೆದುಕೊಟ್ಟು ಕೈ ತೊಳೆದುಕೊಳ್ಳುವವನು ಆರ್ಕಿಟೆಕ್ಟ್ ಅಲ್ಲ. ಬೇಡಿಕೆ ಕೇಳುವಾಗ ಅವನಿರಬೇಕು, ಕೋಡ್ ಬರೆಯುವವರ ಪಕ್ಕದಲ್ಲಿ ಕೂರಬೇಕು, ಪರೀಕ್ಷೆಯಲ್ಲಿ ಇರಬೇಕು, ಜನ ಬಳಸಲು ಶುರು ಮಾಡಿದ ಮೇಲೂ ಹೋಗಿ ನೋಡಬೇಕು, ತಪ್ಪು ಕಂಡರೆ ತನ್ನ ನಕ್ಷೆಯನ್ನು ತಾನೇ ತಿದ್ದಬೇಕು.’ ಪ್ರತಿಯೊಂದು ಮಾತೂ ನಿಜ. ಮಕ್ಕಳು ಚಪ್ಪಾಳೆ ಹೊಡೆದಾಗ ಅವನ ಕಣ್ಣು ತೇವವಾಗಿತ್ತು. ತಾನು ಹೇಳಿದ್ದನ್ನು ತಾನೇ ಕೇಳಿ ಕರಗಿಹೋಗಿದ್ದ. ಪ್ರಿನ್ಸಿಪಾಲರು ಕೊಟ್ಟ ಗುಲಾಬಿ ಗೊಂಚಲನ್ನು ಇದೇ ಕಾರಿನ ಹಿಂದಿನ ಸೀಟಿನಲ್ಲಿ ಇಟ್ಟುಕೊಂಡು ಬಂದದ್ದೂ ಈಗ ನೆನಪಾಯಿತು. ಆ ಸೀಟಿನಲ್ಲಿ ಈಗ ಸ್ಮೃತಿ ಕೂತಿದ್ದಳು. ‘ಸರ್’ ಎಂದಳು ಅವಳು. ಇಬ್ಬರು ಸರ್‌ಗಳೂ ತಿರುಗಲಿಲ್ಲ. ‘ನಾನು ಬೆಂಗಳೂರಿನ ಕೆಲಸ ಬಿಟ್ಟು ಇಲ್ಲಿಗೆ ಬಂದಿದ್ದು ಸರ್. ನೀವು ಹೇಳಿದ ಹಾಗೆ ನನ್ನ ತಪ್ಪು ಅಂತ ಬರೆದು ಕಳಿಸಿದ್ರೆ ನನ್ನ ಇನ್ನೊಬ್ರು ಯಾರು ತಗೋತಾರೆ?’ ಗೋಪೀನಾಥ ಕನ್ನಡಿಯಲ್ಲಿ ಅವಳಿಗೆ ನಕ್ಕು, ‘ಈಗ್ಯಾಕಮ್ಮ ಅದೆಲ್ಲಾ, ಮೊದಲು ಗೇಟು ಏಳಲಿ’ ಎಂದ. ಮುರಳೀಕೃಷ್ಣ ಕಿಟಕಿಯ ಕಡೆ ತಿರುಗಿ ಮಾವಿನ ತೋಟಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

ಕಾರ್ಖಾನೆಯ ಗೇಟಿನಿಂದ ಹೆದ್ದಾರಿಯ ತನಕ ಲಾರಿಗಳು. ಹಣ್ಣಿನ ಹುಳಿ ವಾಸನೆ ಕಾರಿನ ಗಾಜು ಏರಿಸಿದ್ದರೂ ಒಳಗೆ ಬಂತು. ಅಡ್ಡಗಂಬದ ಪಕ್ಕ ಹೊಸ ಕಂಪ್ಯೂಟರಿನ ಪರದೆ ಕೆಂಪಗೆ ಉರಿಯುತ್ತಿತ್ತು, ಅದಕ್ಕೆ ಯಾರೋ ಚೆಂಡುಹೂವಿನ ಹಾರ ಹಾಕಿದ್ದರು. ಕಾರು ಇಳಿದ ಕೂಡಲೇ, ತಲೆಗೆ ಟವೆಲು ಸುತ್ತಿಕೊಂಡಿದ್ದ ಒಬ್ಬ ಮುದುಕ ಲಾರಿಯ ನೆರಳಿನಿಂದ ಎದ್ದು ಬಂದ. ಬಾಗಲೂರು ಕಡೆಯವನು, ಪಾಪಣ್ಣ ಎಂದು. ಶೂಲಗಿರಿಯ ಹತ್ತಿರ ತೋಟ ಗುತ್ತಿಗೆ ಹಿಡಿದಿದ್ದಾನೆ ಎಂದು ಗೇಟಿನವನು ಹೇಳಿದ. ‘ನೀವೇನಾ ಸಾ ಇದನ್ನ ಮಾಡ್ದೋರು?’ ಎಂದ ಪಾಪಣ್ಣ. ಮುರಳೀಕೃಷ್ಣ ಗೋಪೀನಾಥನ ಕಡೆ ನೋಡಿದ, ಗೋಪೀನಾಥ ಸ್ಮೃತಿಯ ಕಡೆ ನೋಡಿದ. ‘ನನ್ ಲಾರಿ ಇಲ್ಲೇ ಐತೆ, ನಾನೂ ಇಲ್ಲೇ ಇವ್ನಿ, ಕಾಯಿ ವಾಸ್ನೆ ನಿಮ್ ಮೂಗಿಗೂ ಬತ್ತಾ ಐತೆ. ಇದು ನೋಡುದ್ರೆ ನೀನ್ ಬಂದೇ ಇಲ್ಲ ಓಗಯ್ಯ ಅಂತದೆ! ಏನ್ಮಾಡ್ಲಿ ಸಾ, ವಾಪಸ್ ಓಗಿ ಇನ್ನೊಂದ್ಸಲ ಬರ್ಲಾ?’ ಸುತ್ತಲಿದ್ದ ಡ್ರೈವರುಗಳು ನಕ್ಕರು. ಮುರಳೀಕೃಷ್ಣನೂ ನಕ್ಕ. ನಗಬಾರದಿತ್ತು ಎಂದು ಅವನಿಗೆ ಅನ್ನಿಸಿದ್ದು, ಪಾಪಣ್ಣ ನಗುತ್ತಿಲ್ಲ ಎಂಬುದನ್ನು ನೋಡಿದ ಮೇಲೆ. ಆಗಲೇ ಅವನು ಒಂದು ನಿರ್ಧಾರ ಮಾಡಿದ. ಹೇಳಿಬಿಡುತ್ತೇನೆ. ಒಳಗೆ ಹೋದ ಕೂಡಲೇ, ಕುರ್ಚಿಯಲ್ಲಿ ಕೂರುವ ಮುಂಚೆಯೇ. ನಡುವಿನ ಪೆಟ್ಟಿಗೆ ಖಾಲಿ, ಬರೆದವನು ನಾನು, ಈ ಹುಡುಗಿಯದೇನೂ ಇಲ್ಲ. ಎಷ್ಟು ಚಿಕ್ಕ ಮಾತು! ಮನಸ್ಸು ಹಗುರವಾಯಿತು. ಹೇಳಿದ ಮೇಲೆ ಎಲ್ಲರೂ ತನ್ನ ಪ್ರಾಮಾಣಿಕತೆಯನ್ನು ಮೆಚ್ಚಿ ಮಾತಾಡುವುದು ಕೂಡ ಕಿವಿಗೆ ಕೇಳಿಸಿತು.

ಕುರ್ಚಿಯಲ್ಲಿ ಕೂತ. ಎದುರಿಗೆ ಬಾದಾಮಿ ಹಾಲು ಬಂತು, ಕುಡಿದ. ರವಿಕುಮಾರ್ ದಪ್ಪ ಮೀಸೆಯ ಸುಸ್ತಾದ ಮನುಷ್ಯ, ರಾತ್ರಿಯೆಲ್ಲಾ ನಿದ್ದೆ ಇಲ್ಲದ ಕಣ್ಣು. ಗೋಡೆಯ ಬಿಳಿ ಹಲಗೆಯ ಮೇಲೆ ಯಾರೋ ಆ ನಕ್ಷೆಯನ್ನೇ ದೊಡ್ಡದಾಗಿ ಬರೆದಿಟ್ಟಿದ್ದರು, ನಡುವಿನ ಪೆಟ್ಟಿಗೆ ಅಲ್ಲೂ ಎಲ್ಲಕ್ಕಿಂತ ದೊಡ್ಡದು. ‘ಎನ್ನ ಸಾರ್ ಇದು, ಏನಿದು?’ ಎಂದು ತಮಿಳು ಬೆರೆಸಿ ಕೇಳುತ್ತ ರವಿಕುಮಾರ್ ಅದರ ಮೇಲೆ ಬೆರಳಿನಿಂದ ಕುಟ್ಟಿದ. ‘ಎಲ್ಲಾರೂ ಇದರ ತಪ್ಪು ಅಂತೀರಿ. ಇದು ಎಲ್ಲಿದೆ? ನನ್ನ ಗೇಟಲ್ಲಿ ಇಲ್ಲ, ತೂಕದ ಹತ್ರ ಇಲ್ಲ, ಲ್ಯಾಬಲ್ಲಿ ಇಲ್ಲ. ನಂಗೆ ಒಂದ್ಸಲ ತೋರ್ಸಿ ಸಾರ್, ಪೋದುಂ, ಅಷ್ಟು ಸಾಕು.’ ಗೋಪೀನಾಥ ಗಂಟಲು ಸರಿಮಾಡಿಕೊಂಡು, ‘ಮುರಳಿ ಸರ್ ವಿವರಿಸ್ತಾರೆ. ಅದಕ್ಕೆ ಮುಂಚೆ ಒಂದು ಮಾತು. ಇದರ ಇನ್‌ಚಾರ್ಜ್ ಸ್ಮೃತಿ, ಅವಳಿಂದ ಸ್ವಲ್ಪ ಲೋಪ ಆಗಿದೆ’ ಎಂದ. ಬಾಗಿಲ ಹತ್ತಿರ ಕೂತಿದ್ದ ಸ್ಮೃತಿ ಎದ್ದು ನಿಂತಳು. ಗೋಪೀನಾಥನ ಕಡೆ ನೋಡಲೇ ಇಲ್ಲ. ‘ಮುರಳಿ ಸರ್, ನೀವೇ ಹೇಳಿ. ಅದು ಯಾವತ್ತಾದ್ರೂ ಇತ್ತಾ?’

ಇಲ್ಲ ಎಂಬ ಮಾತು ಬಾಯಿಯ ತನಕ ಬಂದಿತ್ತು. ನಾಲಗೆಯ ಮೇಲೆ ಅದರ ತೂಕ ಅವನಿಗೆ ಗೊತ್ತಾಗುತ್ತಿತ್ತು. ಆದರೆ ಎಲ್ಲರ ಮುಖಗಳೂ ತನ್ನ ಕಡೆ ತಿರುಗಿದ್ದವು, ಗೌರವದಿಂದ ತಿರುಗಿದ್ದವು. ರವಿಕುಮಾರ್ ಕೂಡ ಪೆನ್ನು ತೆಗೆದುಕೊಂಡು ಬರೆದುಕೊಳ್ಳಲು ಸಿದ್ಧನಾಗಿದ್ದ. ಈ ಮುಖಗಳು ಇನ್ನೊಂದು ಥರ ಆಗುವುದನ್ನು ನೋಡುವ ಧೈರ್ಯ ಅವನಿಗೆ ಇರಲಿಲ್ಲ. ಅವನ ಶಾಲು, ಕೋಣೆ, ಬಾಗಿಲು, ಕಾಲೇಜಿನ ಗುಲಾಬಿ, ಅಮ್ಮನ ಶುಕ್ರವಾರ ಎಲ್ಲವೂ ಆ ನೀಲಿ ಗೆರೆಯ ಒಳಗೇ ಇದ್ದವು. ‘ಒಂದರ್ಥದಲ್ಲಿ...’ ಎಂದ ಮುರಳೀಕೃಷ್ಣ. ಒಂದರ್ಥದಲ್ಲಿ! ಜೀವನದಲ್ಲಿ ಎಷ್ಟೋ ಬಾಗಿಲುಗಳಿಂದ ಅವನನ್ನು ಸುರಕ್ಷಿತವಾಗಿ ದಾಟಿಸಿದ ಮಾತು ಅದು. ಅದನ್ನು ಹೇಳಿದ ಕೂಡಲೇ ಅವನಿಗೆ ತನ್ನ ಮೇಲೆ ಎಂಥ ಅಸಹ್ಯ ಬಂತೆಂದರೆ, ಇನ್ನೇನೂ ತೋಚದೆ ಎದ್ದು ಹಲಗೆಯ ಹತ್ತಿರ ಹೋದ. ಬಟ್ಟೆ ಹುಡುಕಲಿಲ್ಲ. ಅಂಗೈಯಿಂದಲೇ ನಡುವಿನ ಪೆಟ್ಟಿಗೆಯನ್ನು ಒರೆಸಿದ. ಗಟ್ಟಿಯಾಗಿ, ಮೂಲೆ ಬಿಡದೆ, ಹೆಸರು ಬಿಡದೆ, ಬಾಣಗಳ ಮೊನೆಯನ್ನೂ ಬಿಡದೆ ಒರೆಸಿ, ಕೈ ಕೆಳಗೆ ಬಿಟ್ಟು ನಿಂತ. ಇದಕ್ಕಿಂತ ಸ್ಪಷ್ಟವಾಗಿ ಯಾರಾದರೂ ಹೇಗೆ ಹೇಳಬಹುದು? ಅರ್ಥಮಾಡಿಕೊಳ್ಳಿ ಎಂದು ಒಳಗೊಳಗೇ ಬೇಡಿಕೊಂಡ. ಬಾಯಿ ಬಿಡದೆ ಸತ್ಯ ಹೇಳಿದ ಪುಣ್ಯ ತನಗೆ ಬರಲಿ ಎಂಬುದು ಅವನ ಆಸೆಯಾಗಿತ್ತು.

ಗೋಪೀನಾಥ ಮೇಜು ಗುದ್ದಿದ. ‘ಅಬ್ಬಾ! ನೋಡಿದ್ರಾ ಸರ್? ಆರ್ಕಿಟೆಕ್ಟ್ ಅಂದ್ರೆ ಇದು. ನಡುಮನೆನೇ ಬೇಡ ಅಂತಿದ್ದಾರೆ. ನೇರ ಸಂಬಂಧ! ಎಲ್ಲಾ ಪೆಟ್ಟಿಗೆಗೂ ಹಣ್ಣಿನ ಹೆಸರು ಮೊದಲೇ ಒಂದೇ ಇರಬೇಕು, ನಡುವೆ ಯಾರೂ ಬೇಡ.’ ರವಿಕುಮಾರನ ಹುಬ್ಬು ಮೇಲೇರಿತು. ಖಾಲಿಯಾದ ಜಾಗವನ್ನು ನೋಡಿದ, ತಲೆಯಾಡಿಸಿದ. ‘ಸಿಂಪಲ್. ನಲ್ಲಾ ಇರುಕ್ಕು, ಚೆನ್ನಾಗಿದೆ. ಇಷ್ಟು ಧೈರ್ಯ ಎಲ್ಲರಿಗೂ ಬರಲ್ಲ ಸಾರ್, ತಾನು ಬರೆದದ್ದನ್ನ ತಾನೇ ಅಳಿಸೋಕೆ’ ಎಂದು ಎದ್ದು ಬಂದು ಕೈ ಕುಲುಕಿದ. ಮುರಳೀಕೃಷ್ಣನ ಅಂಗೈಗೆ ಹತ್ತಿದ್ದ ಹಲಗೆಯ ಶಾಯಿ ಅವನ ಅಂಗೈಗೂ ಸ್ವಲ್ಪ ಅಂಟಿತು. ಹೊಸ ನಕ್ಷೆ, ಹೊಸ ಹಂತ, ಮುಂದಿನ ಮಾವಿನ ಕಾಲದೊಳಗೆ ಎಂದು ಗೋಪೀನಾಥ ಹೇಳುತ್ತಾ ಹೋದ. ‘ಅಪ್ಪೊ, ಹಾಗಾದ್ರೆ ಆ ಹುಡುಗಿ?’ ಎಂದು ಕೇಳಿದ ರವಿಕುಮಾರ್, ಏನೋ ಮರೆತಿದ್ದವನಂತೆ. ‘ಪೆಟ್ಟಿಗೆಯೇ ಇಲ್ಲದ ಮೇಲೆ ಅದಕ್ಕೆ ಇನ್‌ಚಾರ್ಜ್ ಯಾಕೆ ಸರ್?’ ಎಂದ ಗೋಪೀನಾಥ. ಸಂಜೆಯೊಳಗೆ ಕಾಗದ ಕಳಿಸುತ್ತೇನೆ ಎಂದೂ ಸೇರಿಸಿದ. ಮುರಳೀಕೃಷ್ಣ ಹಲಗೆಯ ಪಕ್ಕದಲ್ಲೇ ನಿಂತಿದ್ದ. ಅಳಿಸಿದ ಜಾಗದಲ್ಲಿ ತಾನು ಅಳಿಸಿದ್ದು ಯಾರನ್ನು ಎಂಬುದು ಅವನಿಗೆ ಪೂರ್ತಿ ಅರ್ಥವಾಗಿತ್ತು. ಆದರೂ ಕೈ ಕುಲುಕಿದಾಗ ಎದೆಯೊಳಗೆ ಸಣ್ಣದೊಂದು ಸಂತೋಷ ಹೊರಳಿದ್ದನ್ನು ಅವನಿಂದ ತಡೆಯಲಾಗಲಿಲ್ಲ.

ಹೊರಗೆ ಬಂದರೆ ಲಾರಿಗಳೇ ಇರಲಿಲ್ಲ. ರಸ್ತೆ ಖಾಲಿ, ನೆಲದ ಮೇಲೆ ಸೋರಿದ ಹಣ್ಣಿನ ರಸ, ನೊಣ. ಪಾಪಣ್ಣ ಒಳಗಿನ ತೂಕದ ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚುತ್ತಿದ್ದ. ‘ಆ ವೈರ್ ಕಿತ್ತಾಕುದ್ರು ಸಾ, ಕಂಬ ಎತ್ತುದ್ರು, ಒಳಕ್ಕೋಯ್ತು’ ಎಂದ. ‘ನೀವ್ ಒಳಗೋದ್ರಲ್ಲಾ, ಆವಾಗ್ಲೇ.’ ಹಾರ ಹಾಕಿಸಿಕೊಂಡ ಪರದೆ ಕಪ್ಪಗೆ ಕೂತಿತ್ತು. ಗೋಪೀನಾಥನ ಕಿವಿಗೆ ಇದು ಬೀಳಲಿಲ್ಲ, ಅವನು ಫೋನಿನಲ್ಲಿದ್ದ. ಸ್ಮೃತಿ ಕಾರು ಹತ್ತಲಿಲ್ಲ. ‘ನಾನು ಬಸ್ಸಿಗೆ ಬರ್ತೀನಿ’ ಎಂದು ಹೆದ್ದಾರಿಯ ಕಡೆ ನಡೆದಳು. ಮುರಳೀಕೃಷ್ಣ ನಾಲ್ಕು ಹೆಜ್ಜೆ ಹಿಂದೆ ಹೋದ. ಅವಳು ತಿರುಗಿ ನಿಂತಳು. ಅಳುತ್ತಿರಲಿಲ್ಲ, ಸಿಟ್ಟಿನಿಂದ ಮೂಗು ಕೆಂಪಾಗಿತ್ತು. ‘ಅಳಿಸೋವಾಗ ಬಾಯಿ ಬಿಟ್ಟು ಒಂದು ಮಾತು ಆಡಿದ್ರೆ ಏನಾಗ್ತಿತ್ತು ಸರ್?’ ಎಂದಳು. ಅವನು ‘ನೀನು ಚಿಕ್ಕವಳು ಸ್ಮೃತಿ, ನಿಂಗೆ ಎಲ್ಲಾದ್ರೂ...’ ಎಂದು ಶುರು ಮಾಡಿದ. ‘ಇದನ್ನೂ ಆಳಕ್ಕೆ ಹೋಗಿ ನೋಡ್ಬೇಕಾ ಸರ್?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಟುಹೋದಳು.

ದಾರಿಯುದ್ದಕ್ಕೂ ಗೋಪೀನಾಥ ಮಾತಾಡಿದ. ಹೊಸ ನಕ್ಷೆಗೂ ಕಟ್ಟು ಹಾಕಿಸಬೇಕು, ಈ ಸಲ ಬೆಳ್ಳಿಯ ಬಣ್ಣ. ಮುರಳೀಕೃಷ್ಣ ಹೂಂಗುಟ್ಟುತ್ತ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ, ಶಾಯಿ ಹೋಗುತ್ತಿರಲಿಲ್ಲ. ಶೂಲಗಿರಿ ದಾಟಿದ ಮೇಲೆ ಫೋನು ಒಮ್ಮೆ ಗುಯ್‌ಗುಟ್ಟಿತು. ಸ್ಮೃತಿಯ ಸಂದೇಶ. ‘ಬಸ್‌ಸ್ಟಾಪಿನಿಂದ ರವಿಕುಮಾರ್ ಸರ್‌ಗೆ ಫೋನ್ ಮಾಡಿದೆ. ಅದು ಮೊದಲಿಂದ ಖಾಲಿ ಇತ್ತು ಅಂತ ಹೇಳಿದೆ. ನಂಬೋದು ಕಷ್ಟ, ಆಮೇಲೆ ನಿಮಗೇ ಫೋನ್ ಮಾಡಿ ಕೇಳ್ತೀನಿ ಅಂದ್ರು. ನೀವು ಹೌದು ಅಂದ್ರೆ ಈ ತಪ್ಪಿನಿಂದ ನನ್ನ ಹೆಸರು ತೆಗೆಸ್ತಾರಂತೆ. ಹೌದು ಅನ್ನಿ ಸರ್. ಅಷ್ಟು ಸಾಕು.’ ಅವನು ಅದನ್ನು ಮತ್ತೆ ಮತ್ತೆ ಓದಿದ. ನಿಜವಾಗಿಯೂ ಅಷ್ಟೇ. ತಾನಾಗಿ ಫೋನ್ ಮಾಡಬೇಕಾಗಿಲ್ಲ, ವಿವರಿಸಬೇಕಾಗಿಲ್ಲ, ಯಾರ ಮುಖವನ್ನೂ ನೋಡಬೇಕಾಗಿಲ್ಲ. ಹೌದು ಅನ್ನುತ್ತೇನೆ ಎಂದುಕೊಂಡ. ಖಂಡಿತ ಅನ್ನುತ್ತೇನೆ. ಮನೆಯ ಮುಂದೆ ಕಾರು ಇಳಿಯುವಾಗ ಬಾಯಲ್ಲಿ ಅದನ್ನೇ ಮೆಲ್ಲಗೆ ಹೇಳಿ ನೋಡಿದ. ಹೌದು. ಹೌದು ಸರ್. ಖಾಲಿ ಇತ್ತು.

ಬಾಗಿಲಲ್ಲೇ ಭಾಗೀರಥಮ್ಮ ಕಾಯುತ್ತಿದ್ದಳು. ಗೋಪೀನಾಥ ಕಾರ್ಖಾನೆಯಿಂದಲೇ ತನ್ನ ಹಳೆಯ ಮೇಡಮ್ಮನಿಗೆ ಫೋನ್ ಮಾಡಿ ಎಲ್ಲಾ ಹೇಳಿಬಿಟ್ಟಿದ್ದ. ‘ಒಂದು ಮಾತಾಡದೆ, ಒಂದೇ ಕೈ ಬೀಸಿ ಎಲ್ಲಾ ಸರಿ ಮಾಡಿದ್ಯಂತೆ! ಅಷ್ಟು ಜನದ ಕಣ್ಣು ಬಿದ್ದಿದೆ ನಿನ್ನ ಮೇಲೆ. ಬಾ ಇಲ್ಲಿ, ನಿಂತ್ಕೋ’ ಎಂದು ಅವನನ್ನು ಒಳಗೆ ಕರೆದು, ಪಟಗಳ ಗೋಡೆಗೆ ಬೆನ್ನು ಮಾಡಿಸಿ ನಿಲ್ಲಿಸಿದಳು. ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ. ಬಾಯಲ್ಲಿ ಏನೋ ಹೇಳಿಕೊಳ್ಳುತ್ತ ಅವನ ತಲೆಯಿಂದ ಕಾಲಿನ ತನಕ ನಿವಾಳಿಸತೊಡಗಿದಳು. ಆಗ ಅಂಗಿಯ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಕಣ್ಣು ಕೆಳಗೆ ಮಾಡಿ ನೋಡಿದ. ಜೇಬಿನ ತೆಳ್ಳಗಿನ ಬಟ್ಟೆಯ ಹಿಂದೆ ಹೆಸರು ಸ್ಪಷ್ಟವಾಗಿ ಉರಿಯುತ್ತಿತ್ತು, ರವಿಕುಮಾರ್. ಕೈ ಮೇಲೇರಿತು. ‘ಅಲ್ಲಾಡಬೇಡ’ ಎಂದಳು ಭಾಗೀರಥಮ್ಮ. ಕೈ ಅಲ್ಲೇ ನಿಂತಿತು. ಎಂದೋ ಕ್ಲಾಸಿನಲ್ಲಿ ಹುಡುಗರನ್ನು ನಿಲ್ಲಿಸುತ್ತಿದ್ದ ಅದೇ ದನಿ. ‘ಅರ್ಧದಲ್ಲಿ ಅಲ್ಲಾಡಿದ್ರೆ ದೃಷ್ಟಿ ಹೋಗಲ್ಲ ಕಣೋ.’ ಫೋನು ಎದೆಯ ಮೇಲೆ ನಡುಗುತ್ತಲೇ ಇತ್ತು. ಅವಳು ನಿಧಾನವಾಗಿ ನಿವಾಳಿಸಿ ಮುಗಿಸಿ, ಉಪ್ಪುಮೆಣಸನ್ನು ಪಕ್ಕಕ್ಕಿಟ್ಟು, ಕುಂಕುಮದ ಭರಣಿಗೆ ಉಂಗುರದ ಬೆರಳು ಅದ್ದಿದಳು. ಗಾಜಿಗೆ ಒತ್ತುವ ಹಾಗೆಯೇ ಅವನ ಹಣೆಯ ನಟ್ಟನಡುವೆ ಒತ್ತಿದಳು. ಫೋನು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು. ಅಮ್ಮ ಕೈ ತೆಗೆದು, ಒಂದು ಹೆಜ್ಜೆ ಹಿಂದೆ ಸರಿದು, ತೃಪ್ತಿಯಿಂದ ಮಗನನ್ನು ನೋಡುತ್ತಿದ್ದಳು. ‘ಆಯ್ತು, ಇನ್ನು ಅಲ್ಲಾಡಬಹುದು’ 
ಎಂದಳು. ಮುರಳೀಕೃಷ್ಣ ಅಲ್ಲಾಡಲಿಲ್ಲ.